ಹೊರೆಗೊಂದು ಪಟ್ಟಾ, ಖಾಲಿಗೊಂದು ಪಟ್ಟಾ: ತೆಂಗಿನ ಸೀಮೆಯ ಪಿಕಪ್‌ಗಳ ಹಿಂಬದಿ

ತಿಪಟೂರಿನ ಎಪಿಎಂಸಿ ಅಂಗಳಕ್ಕೆ ಹರಾಜಿನ ದಿನ ಬರುವ ಪಿಕಪ್‌ಗಳನ್ನು ಹಿಂದಿನಿಂದ ನೋಡಬೇಕು. ಕೊಬ್ಬರಿ ಚೀಲ ಇಳಿಸಿದ ಮೇಲೆ ಗಾಡಿ ಹಿಂಬದಿಯನ್ನು ಮೇಲೆತ್ತಿಕೊಂಡು, ಮೂತಿ ತಗ್ಗಿಸಿ ನಿಲ್ಲುತ್ತದೆ. ಖಾಲಿ ಪಿಕಪ್ ಸ್ವಲ್ಪ ಮುಂದಕ್ಕೆ ಬಾಗಿರುವುದು ಸಹಜ, ಕಂಪನಿಯವರೇ ಹಾಗೆ ಮಾಡಿರುತ್ತಾರೆ. ಇಲ್ಲಿನ ಎಷ್ಟೋ ಗಾಡಿಗಳಲ್ಲಿ ಆ ಎತ್ತರ ಅದಕ್ಕಿಂತ ಒಂದು ಕೈ ಹೆಚ್ಚು. ಬಗ್ಗಿ ಆಕ್ಸಲ್ ಕಡೆ ಕಣ್ಣು ಹಾಯಿಸಿದರೆ ಕಾರಣ ಸಿಗುತ್ತದೆ: ತುಕ್ಕು ಬಣ್ಣದ ಹಳೆಯ ಪಟ್ಟಾಗಳ (ಲೀಫ್ ಸ್ಪ್ರಿಂಗ್ ಪಟ್ಟಿಗಳ) ನಡುವೆ ಹೊಸದಾಗಿ ಕಪ್ಪು ಬಳಿದ ಒಂದೋ ಎರಡೋ ಪಟ್ಟಾ.

ತೆಂಗಿನ ಸೀಮೆಯಲ್ಲಿ ಪಿಕಪ್ಪಿನ ಹಿಂಬದಿ ಸಸ್ಪೆನ್ಷನ್ ಸುಧಾರಿಸುವುದು ಅಂದರೆ ಬಹುಮಟ್ಟಿಗೆ ಇಷ್ಟೇ. ಗಾಡಿ ಕೂತಿತು, ಪಟ್ಟಾ ಹಾಕಿಸು. ಚಾಲಕ ಕೇಳುವುದು ಅದನ್ನೇ, ಅಂಗಡಿಯವನು ಹೇಳುವುದೂ ಅದನ್ನೇ. ಆದರೆ ಹೊರೆ ಹೊರುವುದು ಬೇರೆ, ರಸ್ತೆಯ ಮೇಲೆ ಗಾಡಿ ಹಿಡಿತದಲ್ಲಿರುವುದು ಬೇರೆ. ಮೊದಲನೆಯದಕ್ಕೆ ಮಾಡಿದ ಉಪಾಯ ಎರಡನೆಯದನ್ನು ಕೆಡಿಸಬಹುದು. ಬೆಂಗಳೂರಿಗೆ ಎಳನೀರು ಹೊತ್ತು ಹೋದ ಗಾಡಿ ಮರಳುವಾಗ ಖಾಲಿ. ಸುಲಿದ ಕಾಯಿ ಇಳಿಸಿ ಹಳ್ಳಿಗೆ ಬರುವ ಗಾಡಿಯೂ ಖಾಲಿ. ಗಾಡಿಯ ಆಯುಸ್ಸಿನಲ್ಲಿ ಹತ್ತಿರ ಹತ್ತಿರ ಅರ್ಧ ದಾರಿ ಹೊರೆಯಿಲ್ಲದೆ ಸವೆಯುತ್ತದೆ. ಆ ಅರ್ಧವನ್ನು ಲೆಕ್ಕಕ್ಕೆ ಹಿಡಿಯದ ಯಾವ ಸುಧಾರಣೆಯೂ ಸುಧಾರಣೆಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈಗ ಚಾಲ್ತಿಯಲ್ಲಿರುವ ಉಪಾಯಗಳನ್ನೆಲ್ಲ ಆ ಅಳತೆಯಲ್ಲೇ ತೂಗಿ ನೋಡಬೇಕು.

ಮೊದಲು ಹೊರೆಯ ವಿಚಾರ. ನಮ್ಮಲ್ಲಿ ಕಾಯಿಯನ್ನು ಎಣಿಕೆಯಲ್ಲಿ ಮಾತಾಡುತ್ತೇವೆ. ಸಾವಿರ ಕಾಯಿ, ಎರಡು ಸಾವಿರ ಕಾಯಿ, ಇಷ್ಟು ಎಳನೀರು. ವ್ಯಾಪಾರಕ್ಕೆ ಅದು ಸರಿಯಾದ ಲೆಕ್ಕ, ಪಟ್ಟಾಕ್ಕೆ ಅಲ್ಲ. ಸುಲಿದ ಕಾಯಿ ಒಂದೊಂದೂ ಅರ್ಧ ಕಿಲೋಗಿಂತ ತುಸು ಹೆಚ್ಚು ತೂಗುತ್ತದೆ ಎಂದು ಹಿಡಿದರೆ ಎರಡು ಸಾವಿರ ಕಾಯಿ ಒಂದು ಟನ್ನು ದಾಟಿತು. ಎಳನೀರು ಒಂದೊಂದೂ ಒಂದೂವರೆ ಎರಡು ಕಿಲೋ. ಅಂದರೆ ಬರೀ ಸಾವಿರ ಎಳನೀರು ಏರಿಸಿದರೆ ಒಂದೂವರೆಯಿಂದ ಎರಡು ಟನ್ನು. ‘ಸಾವಿರ ತಾನೆ’ ಎಂದು ಏರಿಸಿದ ಹೊರೆ 1.7 ಟನ್ನಿನ ಪಿಕಪ್ಪಿನ ಮಿತಿಯನ್ನು ಸದ್ದಿಲ್ಲದೆ ದಾಟಿರಬಹುದು. ಕೊಬ್ಬರಿಯದು ಬೇರೆ ಬಗೆ. ಚೀಲದಲ್ಲಿ ಒತ್ತಾಗಿ ಕೂರುತ್ತದೆ, ತಗ್ಗಿನಲ್ಲೇ ತೂಕ ಸಿಗುತ್ತದೆ, ಗಾಡಿ ನೆಟ್ಟಗೆ ಓಡುತ್ತದೆ. ನಾರು ಮತ್ತು ಮಟ್ಟೆ ಇದಕ್ಕೆ ತದ್ವಿರುದ್ಧ: ತೂಕ ಕಡಿಮೆ, ಗಾತ್ರ ವಿಪರೀತ. ಕ್ಯಾಬಿನ್ನಿಗಿಂತ ಎತ್ತರಕ್ಕೆ ಕಟ್ಟಿದ ಮಟ್ಟೆ ಹೊರೆ ಪಟ್ಟಾವನ್ನು ಕುಗ್ಗಿಸುವುದಿಲ್ಲ, ಆದರೆ ಕೆರೆ ಏರಿಯ ತಿರುವಿನಲ್ಲಿ ಗಾಡಿಯನ್ನು ಪಕ್ಕಕ್ಕೆ ತೂಗಿಸುತ್ತದೆ. ಈ ಮೂರು ಹೊರೆಗೂ ಒಂದೇ ಮದ್ದು ಇರಲಾರದು.

ಗಾಡಿಗಳೂ ಬದಲಾಗಿವೆ. ಹಿಂದೆ ಕಾಯಿ ಸಾಗಿಸಿದ್ದು ಎತ್ತಿನ ಗಾಡಿ. ಮರದ ಚಕ್ರದ ಗಾಡಿಗೆ ಸ್ಪ್ರಿಂಗು ಎಂಬುದೇ ಇರಲಿಲ್ಲ. ರಬ್ಬರ್ ಟೈರಿನ ಗಾಡಿ ಬಂದ ಮೇಲೆ ಟೈರಿನೊಳಗಿನ ಗಾಳಿಯೇ ಸ್ಪ್ರಿಂಗಾಯಿತು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅವರು ಎತ್ತಿನ ಗಾಡಿಯ ಸುಧಾರಣೆಯನ್ನೇ ತಮ್ಮ ದೊಡ್ಡ ಕೆಲಸವಾಗಿ ಹಚ್ಚಿಕೊಂಡವರು. ಹೊರೆಯ ಭಾರ ಎತ್ತಿನ ಕುತ್ತಿಗೆಯ ಮೇಲೆ ಎಷ್ಟು ಬೀಳಬೇಕು ಎಂಬುದನ್ನು ಗಂಭೀರವಾಗಿ ತೆಗೆದುಕೊಂಡ ಆ ಕಾಳಜಿ ಇವತ್ತಿನ ಪಿಕಪ್ ಚಾಲಕನ ಬೆನ್ನುಮೂಳೆಗೂ ಸಲ್ಲಬೇಕಿತ್ತು. 2005ರಲ್ಲಿ ಟಾಟಾ ಏಸ್ ಬಂತು, ಮುಕ್ಕಾಲು ಟನ್ನಿನ ಪುಟ್ಟ ಗಾಡಿ. 2011ರಲ್ಲಿ ಅಶೋಕ್ ಲೇಲ್ಯಾಂಡಿನ ದೋಸ್ತ್, ಒಂದೂಕಾಲು ಟನ್ನು. ಮಹೀಂದ್ರ ಬೊಲೆರೊ ಪಿಕಪ್ 1.3 ಟನ್ನು, 1.7 ಟನ್ನು ಎಂದು ಏರುತ್ತಾ ಹೋಯಿತು. 2022ರಲ್ಲಿ ಟಾಟಾ ಯೋಧ 2.0, ಅದರ ಮರುವರ್ಷವೇ ಬೊಲೆರೊ ಮ್ಯಾಕ್ಸ್ ಎಚ್‌ಡಿ, ಇವೆರಡೂ ಎರಡು ಟನ್ನಿಗೆ ಮುಟ್ಟಿದವು. ಹದಿನೆಂಟು ವರ್ಷಗಳಲ್ಲಿ ಹೊರೆ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು. ಹಿಂದಿನ ಚಕ್ರದ ಮೇಲಿನ ವ್ಯವಸ್ಥೆ ಮಾತ್ರ ಇವೆಲ್ಲದರಲ್ಲೂ ಒಂದೇ: ಒಂದು ಗಟ್ಟಿ ಆಕ್ಸಲ್, ಎರಡು ಬದಿಗೆ ಎರಡು ಪಟ್ಟಾ ಸೆಟ್ಟು. 1804ರಲ್ಲಿ ಲಂಡನ್ನಿನ ಒಬಡಯಾ ಎಲಿಯಟ್ ಸಾರೋಟಿಗೆಂದು ರೂಪಿಸಿದ ಕಮಾನು ಪಟ್ಟಿಯ ವಂಶವೇ ಇದು.

ಇಷ್ಟು ಕಾಲ ಅದು ಉಳಿದದ್ದಕ್ಕೆ ಕಾರಣವಿದೆ. ಪಟ್ಟಾ ಹೊರೆಯನ್ನೂ ಹೊರುತ್ತದೆ, ಆಕ್ಸಲನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಜರುಗದಂತೆಯೂ ಹಿಡಿಯುತ್ತದೆ. ಪಟ್ಟಾಗಳು ಒಂದಕ್ಕೊಂದು ಉಜ್ಜುವ ಘರ್ಷಣೆಯಿಂದ ಕುಲುಕಾಟವನ್ನೂ ಒಂದಿಷ್ಟು ತಣಿಸುತ್ತದೆ. ಮುರಿದರೆ ಹತ್ತಿರದ ಕೆ.ಬಿ. ಕ್ರಾಸಿನಲ್ಲೋ ಹುಳಿಯಾರಿನಲ್ಲೋ ಸಂಜೆಯೊಳಗೆ ಸರಿಮಾಡಿಸಿಕೊಳ್ಳಬಹುದು. ರೈತನಿಗೂ ಬಾಡಿಗೆ ಗಾಡಿಯವನಿಗೂ ಇದಕ್ಕಿಂತ ದೊಡ್ಡ ಗುಣ ಬೇಕಿಲ್ಲ.

ಅದರ ತೊಡಕು ಗೊತ್ತಾಗಬೇಕಾದರೆ ಸ್ವಲ್ಪ ಲೆಕ್ಕ ಬೇಕು. ಖಾಲಿ ಗಾಡಿಯಲ್ಲಿ ಹಿಂಬದಿಯ ಎರಡು ಪಟ್ಟಾ ಸೆಟ್ಟು ಸೇರಿ 400 ಕಿಲೋ ಹೊತ್ತಿವೆ, ತುಂಬಿದಾಗ 1,600 ಕಿಲೋ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಖಾಲಿಯಲ್ಲಿ ಪಟ್ಟಾ 20 ಮಿಲಿಮೀಟರ್ ಕುಗ್ಗಿದರೆ ತುಂಬಿದಾಗ 80ರ ಹತ್ತಿರ ಕುಗ್ಗುತ್ತದೆ. ಗಾಡಿ ತನ್ನಷ್ಟಕ್ಕೆ ಕುಲುಕುವ ವೇಗ ಈ ಕುಗ್ಗುವಿಕೆಯನ್ನೇ ಅವಲಂಬಿಸಿದೆ: 80 ಮಿಲಿಮೀಟರಿಗೆ ಸೆಕೆಂಡಿಗೆ ಒಂದೂಮುಕ್ಕಾಲು ಸಲ, 20ಕ್ಕೆ ಮೂರೂವರೆ ಸಲ. ಕಾರುಗಳು ಒಂದರಿಂದ ಒಂದೂವರೆ ಸಲದ ಆಸುಪಾಸಿನಲ್ಲಿ ಕುಲುಕುತ್ತವೆ. ಹೊರೆ ಹೊತ್ತ ಪಿಕಪ್ಪು ಕಾರಿನಂತೆ ತೇಲಿ ಹೋಗುವುದು, ಖಾಲಿ ಪಿಕಪ್ಪು ಹಲ್ಲು ಕಡಿಸುವುದು ಇದರಿಂದಲೇ. ಈಗ ಪಟ್ಟಾ ಸೇರಿಸಿ ಬಿಗಿಯನ್ನು ಶೇ. 20ರಷ್ಟು ಹೆಚ್ಚಿಸಿದೆವು ಅನ್ನಿ. ತುಂಬಿದ ಗಾಡಿ ಮೊದಲಿಗಿಂತ ಒಂದು ಸೆಂಟಿಮೀಟರಿಗೆ ತುಸು ಹೆಚ್ಚು ಮೇಲೆ ನಿಲ್ಲುತ್ತದೆ, ಅಷ್ಟೇ ಲಾಭ. ಖಾಲಿ ಗಾಡಿಯ ಕುಲುಕು ಸೆಕೆಂಡಿಗೆ ನಾಲ್ಕರ ಹತ್ತಿರ ಹೋಗುತ್ತದೆ. ಕೂತ ಮನುಷ್ಯನ ಬೆನ್ನುಮೂಳೆ, ಹೊಟ್ಟೆ ಅತಿ ಹೆಚ್ಚು ನಲುಗುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಮೇಲುಕೆಳಗಿನ ಕಂಪನಕ್ಕೆ. ಹೊರೆಗೆಂದು ಹಾಕಿದ ಪಟ್ಟಾ ಚಾಲಕನನ್ನು ನೇರವಾಗಿ ಆ ವಲಯದ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

ಹೊಸ ಪಟ್ಟಾದ ದಪ್ಪ ಎಷ್ಟು ಎಂದು ಕೇಳುವವರು ಕಡಿಮೆ. ಕೇಳಲೇಬೇಕು. ಪಟ್ಟಾದ ಬಿಗಿ ದಪ್ಪದ ಘನದ ಪ್ರಮಾಣದಲ್ಲಿ ಏರುತ್ತದೆ. ದಪ್ಪ ಇಮ್ಮಡಿಯಾದರೆ ಬಿಗಿ ಎಂಟು ಪಟ್ಟು. ಏಳು ಮಿಲಿಮೀಟರಿನ ಆರು ಪಟ್ಟಾಗಳಿರುವ ಸೆಟ್ಟಿಗೆ ಅದೇ ಉದ್ದದ, ಅದೇ ದಪ್ಪದ ಇನ್ನೊಂದು ಸೇರಿಸಿದರೆ ಬಿಗಿ ಶೇ. 17ರಷ್ಟು ಏರೀತು. ಅಂಗಡಿಯಲ್ಲಿ ಸಿಕ್ಕಿತೆಂದು ಎಂಟು ಮಿಲಿಮೀಟರಿನದನ್ನು ತೂರಿಸಿದರೆ ಶೇ. 25. ಒಂದೇ ಬಾಗಿನಲ್ಲಿ ದಪ್ಪ ಪಟ್ಟಾದ ಮೇಲೆ ಬೀಳುವ ಒತ್ತಡ ತೆಳು ಪಟ್ಟಾದ್ದಕ್ಕಿಂತ ಹೆಚ್ಚು. ಹಾಗಾಗಿ ಬೇರೆ ಯಾವುದೋ ಲಾರಿಯಿಂದ ಬಿಚ್ಚಿದ ದಪ್ಪ ಪಟ್ಟಾ ಕೆಲವು ತಿಂಗಳಲ್ಲೇ, ಪಟ್ಟಾಗಳನ್ನು ನಡುವೆ ಪೋಣಿಸುವ ಸೆಂಟರ್ ಬೋಲ್ಟಿನ ತೂತಿನ ಹತ್ತಿರ ಬಿರುಕು ಬಿಡುವುದರಲ್ಲಿ ಅಚ್ಚರಿಯಿಲ್ಲ.

ಪಟ್ಟಾ ಅಂಗಡಿಯ ಕೆಲಸವನ್ನು ಹತ್ತಿರ ನಿಂತು ನೋಡಿದರೆ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಗುತ್ತದೆ. ಚಾಸಿಗೆ ಆಧಾರ ಕೊಟ್ಟು ಚಕ್ರ ಕಳಚುತ್ತಾರೆ. ಸೆಟ್ಟನ್ನು ಆಕ್ಸಲಿಗೆ ಬಿಗಿದಿಡುವ ಯು ಬೋಲ್ಟಿನ ನಟ್ಟುಗಳಿಗೆ ಉದ್ದನೆಯ ಪೈಪು ತೂರಿಸಿ ಇಬ್ಬರು ತೂಗುತ್ತಾರೆ. ಸೆಟ್ಟು ನೆಲಕ್ಕೆ ಬರುತ್ತದೆ, ಕ್ಲಿಪ್ಪು ಬಿಡಿಸಿ ಸೆಂಟರ್ ಬೋಲ್ಟು ತೆಗೆದರೆ ಪಟ್ಟಾಗಳು ಒಂದೊಂದಾಗಿ ಬೇರೆಯಾಗುತ್ತವೆ. ಪ್ರತಿ ಪಟ್ಟಾದ ಮೈಮೇಲೆ, ಅದರ ಕೆಳಗಿನ ಚಿಕ್ಕ ಪಟ್ಟಾದ ತುದಿ ಒತ್ತಿದ ಜಾಗದಲ್ಲಿ, ಬೆರಳುಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿರುತ್ತದೆ. ಹೊಳೆಯುವ ಗೀರಾದರೆ ಪಟ್ಟಾ ಕೆಲಸ ಮಾಡುತ್ತಿದೆ. ಕೆಂಪು ಹುಡಿ ಕೂತಿದ್ದರೆ ನೀರು ಹೋಗಿ ತುಕ್ಕು ಹಿಡಿದು ಪಟ್ಟಾಗಳು ಅಂಟಿಕೊಂಡಿವೆ. ಅಂಥ ಸೆಟ್ಟು ಚಿಕ್ಕ ಉಬ್ಬಿಗೆ ಬಾಗುವುದೇ ಇಲ್ಲ, ಹೊಡೆತ ನೇರ ಚಾಸಿಗೆ ಹೋಗುತ್ತದೆ. ಬಿರುಕೂ ಇಲ್ಲಿಂದಲೇ ಹುಟ್ಟುತ್ತದೆ. ಚೆನ್ನಾಗಿ ಕೆಲಸ ಬಲ್ಲ ಮೇಸ್ತ್ರಿ ತಂತಿ ಬ್ರಷ್ಷಿನಿಂದ ಉಜ್ಜಿ, ಗ್ರಾಫೈಟ್ ಗ್ರೀಸು ಸವರಿ ಮತ್ತೆ ಜೋಡಿಸುತ್ತಾನೆ. ಎಷ್ಟೋ ಗಾಡಿಗಳಿಗೆ ಅಂದು ಬೇಕಾಗಿದ್ದ ಸುಧಾರಣೆ ಅದಿಷ್ಟೇ ಆಗಿರುತ್ತದೆ.

ಕೂತ ಪಟ್ಟಾವನ್ನು ಮತ್ತೆ ಕಮಾನು ಮಾಡುವುದು ಎರಡನೆಯ ಕಸುಬು. ತಣ್ಣಗಿರುವಾಗಲೇ ಸುತ್ತಿಗೆಯಿಂದ ಸಾಲಾಗಿ ಬಡಿದು ಬಾಗು ಏರಿಸುವುದು ಹಳೆಯ ಪದ್ಧತಿ. ಒಂದು ಸಲಕ್ಕೆ ಅದು ನಡೆದೀತು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಾಗಿಸಿ ಹಾಗೇ ಗಾಳಿಗೆ ಆರಲು ಬಿಟ್ಟರೆ ಉಕ್ಕಿನ ಪ್ರಾಣವೇ ಹೋದಂತೆ. ಕಾರ್ಖಾನೆಯಲ್ಲಿ ಸ್ಪ್ರಿಂಗ್ ಉಕ್ಕನ್ನು 850 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ 400–500 ಡಿಗ್ರಿಯಲ್ಲಿ ಹದಕ್ಕೆ ತರುತ್ತಾರೆ. ಆಮೇಲೆ ಸಣ್ಣ ಉಕ್ಕಿನ ಗುಂಡುಗಳನ್ನು ರಭಸದಿಂದ ಸಿಡಿಸಿ ಮೇಲ್ಮೈಯನ್ನು ಬಲಪಡಿಸುತ್ತಾರೆ. ಈ ಹದ ಒಮ್ಮೆ ಹೋದರೆ ಪಟ್ಟಾ ಮೊದಲ ತುಂಬು ಹೊರೆಗೇ ಮತ್ತೆ ಕೂರುತ್ತದೆ. ವೆಲ್ಡಿಂಗ್ ಮಾಡಿದ ಪಟ್ಟಾದ ಮಾತಂತೂ ಆಡಲೇಬಾರದು. ಮೇನ್ ಪಟ್ಟಾ ಕೂತಿದ್ದರೆ ಅದನ್ನು ಬದಲಿಸುವುದೇ ಸರಿ. ಹರಿಯಾಣದ ಯಮುನಾನಗರದ ಜಮ್ನಾ ಆಟೋದಂಥ ಕಂಪನಿಗಳು ಗಾಡಿ ತಯಾರಕರಿಗೂ ಪಟ್ಟಾ ಒದಗಿಸುತ್ತವೆ, ಬಿಡಿಯಾಗಿಯೂ ಮಾರುತ್ತವೆ. ಒಂದೂವರೆ ಟನ್ನು ಉಂಡೆ ಕೊಬ್ಬರಿಯ ಬೆಲೆ 2025ರ ಬೆಂಬಲ ಬೆಲೆಯಾದ ಕ್ವಿಂಟಲಿಗೆ 12,100 ರೂಪಾಯಿಯ ಲೆಕ್ಕದಲ್ಲೇ 1,81,500 ರೂಪಾಯಿ. ಅಷ್ಟು ಮಾಲು ಹೊರುವ ಉಕ್ಕಿನಲ್ಲಿ ಜುಗ್ಗತನ ಮಾಡುವುದರಲ್ಲಿ ಅರ್ಥವಿಲ್ಲ.

ಪಟ್ಟಾ ಸೇರಿಸುವುದಕ್ಕಿಂತ ಮೇಲಾದ ದಾರಿ ಹೆಲ್ಪರ್. ಮುಖ್ಯ ಸೆಟ್ಟಿನ ಮೇಲೋ ಕೆಳಗೋ ಚಪ್ಪಟೆಯಾದ, ಗಟ್ಟಿಯಾದ ಇನ್ನೊಂದು ಪಟ್ಟಾ ಇರುತ್ತದೆ. ಖಾಲಿ ಇರುವಾಗ ಅದಕ್ಕೂ ಹೊರೆಗೂ ಸಂಬಂಧವಿಲ್ಲ. ಗಾಡಿ ಇಷ್ಟು ಕುಗ್ಗಿದ ಮೇಲೆ ಮಾತ್ರ ಅದು ಆಧಾರಕ್ಕೆ ತಾಗಿ ಭಾರ ಹಂಚಿಕೊಳ್ಳುತ್ತದೆ. ಲಾರಿಗಳಲ್ಲಿ ಇದು ಹಳೆಯ ವಿದ್ಯೆ. ತೆಂಗಿನ ಸೀಮೆಯ ಓಡಾಟಕ್ಕೆ, ಅಂದರೆ ಹೋಗುವಾಗ ತುಂಬಿ ಬರುವಾಗ ಖಾಲಿಯಾಗುವ ದಾರಿಗೆ, ಇದಕ್ಕಿಂತ ಒಪ್ಪುವ ಉಕ್ಕಿನ ಉಪಾಯ ನನಗೆ ಕಾಣುತ್ತಿಲ್ಲ. ಅದು ತಾಗುವ ಅಂತರವನ್ನು ಅಳೆದು ಇಡಬೇಕು. ನಮ್ಮ ಉದಾಹರಣೆಯ ಗಾಡಿಯಲ್ಲಿ ಖಾಲಿ ನಿಂತಾಗ ನಾಲ್ಕು ಸೆಂಟಿಮೀಟರ್ ಸಂದು ಬಿಟ್ಟರೆ ಮೂರರಲ್ಲಿ ಎರಡು ಪಾಲು ಹೊರೆ ಏರುವ ಹೊತ್ತಿಗೆ ಹೆಲ್ಪರ್ ಕೆಲಸಕ್ಕೆ ಬರುತ್ತದೆ. ಸಂದು ಇಲ್ಲದಂತೆ ಬಿಗಿದರೆ ಅದೂ ಇನ್ನೊಂದು ಪಟ್ಟಾ ಆಯಿತೇ ಹೊರತು ಹೆಲ್ಪರ್ ಆಗಲಿಲ್ಲ.

ಇದೇ ತತ್ವವನ್ನು ರಬ್ಬರಿನಲ್ಲಿ ಮಾಡಿದವರಿದ್ದಾರೆ. ಚಾಸಿಗೂ ಆಕ್ಸಲಿಗೂ ನಡುವೆ ಇರುವ ಬಂಪ್ ಸ್ಟಾಪ್ ಜಾಗದಲ್ಲಿ ಟೊಳ್ಳಾದ, ಎತ್ತರದ ರಬ್ಬರ್ ಸ್ಪ್ರಿಂಗ್ ಕೂರಿಸುವುದು. ಕೆನಡಾದ ಟಿಂಬ್ರೆನ್ ಕಂಪನಿಯ ಹೆಸರು ಪಿಕಪ್ ಲೋಕದಲ್ಲಿ ಇದಕ್ಕೇ ಪ್ರಸಿದ್ಧ. ಒತ್ತಿದಷ್ಟೂ ಗಟ್ಟಿಯಾಗುತ್ತಾ ಹೋಗುವುದು ರಬ್ಬರಿನ ಗುಣ, ಹಾಗಾಗಿ ಉಕ್ಕು ‘ಧಡ್’ ಎಂದು ತಾಗುವಲ್ಲಿ ಇದು ಮೆತ್ತಗೆ ತಾಗುತ್ತದೆ. ಜಾಗ ಕಡಿಮೆ, ಕೆಲಸ ಸರಳ, ತೂಕ ಇಲ್ಲ. ಕಾರಿನ ಕಾಯಿಲ್ ಸ್ಪ್ರಿಂಗಿನ ನಡುವೆ ಸಿಕ್ಕಿಸುವ ರಬ್ಬರ್ ಬಫರಿನೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳಬಾರದು. ಅದು ಪಿಕಪ್ಪಿಗೆ ಹೇಳಿದ್ದಲ್ಲ.

ಗಾಳಿಯ ಚೀಲ ಮೂರನೆಯ ದಾರಿ. ಅಮೆರಿಕದಲ್ಲಿ ಏರ್ ಲಿಫ್ಟ್, ಫೈರ್‌ಸ್ಟೋನ್ ಕಂಪನಿಗಳು ಪಟ್ಟಾದ ಜೊತೆಗೆ ಕೂರಿಸುವ ಗಾಳಿ ಚೀಲಗಳನ್ನು ದಶಕಗಳಿಂದ ಮಾರುತ್ತಿವೆ. ಖಾಲಿಯಲ್ಲಿ ಐದಾರು ಪಿಎಸ್‌ಐ, ಹೊರೆ ಏರಿಸಿದ ಮೇಲೆ ಬೇಕಾದಷ್ಟು. ನಮ್ಮ ರಾಜ್ಯದ ಜನ ಗಾಳಿಯ ಸಸ್ಪೆನ್ಷನ್ನಿನ ಸುಖ ಕಂಡದ್ದು 2001ರ ಸುಮಾರಿಗೆ ಹೊಸಕೋಟೆಯ ಕಾರ್ಖಾನೆಯಿಂದ ವೋಲ್ವೊ ಬಸ್ಸುಗಳು ಹೊರಬಂದ ಮೇಲೆ. ಕೆಎಸ್‌ಆರ್‌ಟಿಸಿಯ ಐರಾವತ ಬಸ್ಸಿನಲ್ಲಿ ಕೂತವರಿಗೆ ಅದರ ಬೆಲೆ ಗೊತ್ತು. ತತ್ವದಲ್ಲಿ ನಮ್ಮ ಅರ್ಧ ತುಂಬು, ಅರ್ಧ ಖಾಲಿ ದಾರಿಗೆ ಹೇಳಿ ಮಾಡಿಸಿದ್ದು ಇದೇ. ಆಚರಣೆಯಲ್ಲಿ ನನಗೆ ಹಿಂಜರಿಕೆಯಿದೆ. ತೋಟದೊಳಗಿನ ಗರಿಯ ಚೂಪು, ಕೂಳೆ, ಕಲ್ಲು ಇವಕ್ಕೆ ಚೀಲ ಮತ್ತು ಕೊಳವೆ ಒಡ್ಡಿಕೊಂಡಿರುತ್ತವೆ. ದಿನಾ ಗಾಳಿ ನೋಡುವ ಶಿಸ್ತು ಬೇಕು. ಎಡ ಬಲದ ಚೀಲಗಳನ್ನು ಒಂದೇ ಕೊಳವೆಗೆ ಸೇರಿಸಿದರೆ ತಿರುವಿನಲ್ಲಿ ಭಾರ ಬಿದ್ದ ಬದಿಯ ಗಾಳಿ ಇನ್ನೊಂದು ಬದಿಗೆ ಓಡಿ ಗಾಡಿ ಇನ್ನಷ್ಟು ವಾಲುತ್ತದೆ. ಎತ್ತರದ ಮಟ್ಟೆ ಹೊರೆಗೆ ಅದು ಅಪಾಯ. ಹಾಕಿಸುವುದಾದರೆ ಎರಡಕ್ಕೂ ಬೇರೆ ಬೇರೆ ಕೊಳವೆ ಇರಲೇಬೇಕು.

ಪ್ಯಾರಾಬೋಲಿಕ್ ಪಟ್ಟಾದ ಬಗ್ಗೆ ಒಂದು ಮಾತು ಸಾಕು. ನಡುವೆ ದಪ್ಪ, ತುದಿಗೆ ತೆಳುವಾಗುವ ಒಂದೆರಡು ಪಟ್ಟಾಗಳು ಒಂದನ್ನೊಂದು ಉಜ್ಜದೆ ಕೆಲಸ ಮಾಡುತ್ತವೆ. ಏಸ್, ದೋಸ್ತ್ ಗಾಡಿಗಳ ಮುಂಬದಿಯಲ್ಲಿ ಇವು ಬಂದಾಗಿದೆ. ಸವಾರಿ ಮೆತ್ತಗೆ, ಆದರೆ ಮಿತಿಮೀರಿದ ಹೊರೆಯನ್ನು ಇವು ಕ್ಷಮಿಸುವುದಿಲ್ಲ. ಕಾಯಿಲ್ ಸ್ಪ್ರಿಂಗಿನ ಹಿಂಬದಿಯದು ಇನ್ನೂ ದೂರದ ಮಾತು. ಅಮೆರಿಕದ ರಾಮ್ 1500 ಪಿಕಪ್ 2009ರ ಮಾದರಿಯಲ್ಲಿ ಪಟ್ಟಾ ಬಿಟ್ಟು ಕಾಯಿಲಿಗೆ ಹೋಯಿತು, ನಿಸಾನ್ ನವಾರಾವೂ ಆಮೇಲೆ ಅದೇ ದಾರಿ ಹಿಡಿಯಿತು. ಆದರೆ ಅವು ಮನೆಮಂದಿ ಕೂತು ಹೋಗುವ, ಬಹುಪಾಲು ಖಾಲಿ ಓಡುವ ಗಾಡಿಗಳು. ಕಾಯಿಲು ಆಕ್ಸಲನ್ನು ತಾನೇ ಹಿಡಿಯಲಾರದು, ಅದಕ್ಕೆ ನಾಲ್ಕೈದು ತೋಳುಗಳು, ಅವುಗಳ ಬುಷ್‌ಗಳು ಬೇಕು. ಇಲ್ಲಿನ ಪಿಕಪ್ಪಿನ ಚಾಸಿಯನ್ನು ಕೊಯ್ದು ಅದನ್ನು ಕೂರಿಸುವ ಪ್ರಯತ್ನ ಯಾರೂ ಮಾಡದಿರುವುದೇ ಒಳ್ಳೆಯದು.

ಇಷ್ಟೆಲ್ಲ ಸ್ಪ್ರಿಂಗಿನ ಮಾತು ಬರುವಾಗ ಮರೆತೇಹೋಗುವುದು ಶಾಕ್ ಅಬ್ಸಾರ್ಬರ್. ಸ್ಪ್ರಿಂಗು ಗಾಡಿಯನ್ನು ಎತ್ತಿ ಹಿಡಿಯುತ್ತದೆ. ಎದ್ದ ಗಾಡಿಯನ್ನು ಕೂರಿಸುವುದು ಶಾಕ್. ಬಿಗಿ ಶೇ. 20 ಏರಿಸಿದರೆ ತಣಿಸುವ ಶಕ್ತಿಯೂ ಶೇ. 10ರಷ್ಟಾದರೂ ಏರಬೇಕು. ಪಟ್ಟಾ ಹೊಸದು, ಶಾಕ್ ಹಳೆಯದು ಎಂಬ ಜೋಡಿ ನಮ್ಮ ರಸ್ತೆಗಳಲ್ಲಿ ಬೇಕಾದಷ್ಟಿದೆ. ಉಬ್ಬು ದಾಟಿದ ಮೇಲೆ ಅಂಥ ಗಾಡಿಯ ಹಿಂಬದಿ ಎರಡು ಮೂರು ಸಲ ನೆಗೆಯುತ್ತದೆ. ನೆಗೆದ ಕ್ಷಣದಲ್ಲಿ ಟೈರಿಗೆ ನೆಲ ಇಲ್ಲ, ನೆಲ ಇಲ್ಲದಿದ್ದರೆ ಬ್ರೇಕೂ ಇಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಊರು ಊರಿನ ಬಾಗಿಲಲ್ಲಿ ಜನ ತಾವೇ ಹಾಕಿಕೊಂಡ ಉಬ್ಬುಗಳಿಗೂ ಈ ಅಳತೆಗೂ ಸಂಬಂಧವೇ ಇಲ್ಲ. ಶಾಕ್ ಸತ್ತಿದೆಯೇ ಎಂದು ನೋಡಲು ಹಿಂಬದಿಯನ್ನು ಕೈಯಿಂದ ಅದುಮಿ ನೋಡುವವರಿದ್ದಾರೆ. ಪಟ್ಟಾದ ಘರ್ಷಣೆಯಲ್ಲಿ ಅದು ಏನನ್ನೂ ಹೇಳುವುದಿಲ್ಲ. ಶಾಕ್ ಮೈಮೇಲೆ ಎಣ್ಣೆ ಇಳಿದಿದೆಯೇ, ಟೈರು ಅಲ್ಲಲ್ಲಿ ಗುಳಿ ಗುಳಿಯಾಗಿ ಸವೆದಿದೆಯೇ ಎಂದು ನೋಡಬೇಕು.

ಪಟ್ಟಾವನ್ನು ಚಾಸಿಗೆ ಹಿಡಿದಿಡುವ ಬುಷ್ ಮತ್ತು ಶ್ಯಾಕಲ್ಲಿನದೂ ಇದೇ ಕಥೆ. ‘ಗಾಡಿ ಹಿಂದೆ ತೂರಾಡುತ್ತೆ’ ಎಂಬ ದೂರಿನ ಬೇರು ಬಹಳ ಸಲ ಪಟ್ಟಾದ ಕಿವಿಯಲ್ಲಿ ಸವೆದುಹೋದ ಬುಷ್. ಬುಷ್ ಸಡಿಲಾದರೆ ಆಕ್ಸಲು ತುಸು ಓರೆಯಾಗುತ್ತದೆ, ಹಿಂದಿನ ಚಕ್ರವೇ ಸ್ಟೇರಿಂಗ್ ತಿರುಗಿಸಿದಂತಾಗುತ್ತದೆ. ಸೆಂಟರ್ ಬೋಲ್ಟ್ ಕತ್ತರಿಸಿದರಂತೂ ಆಕ್ಸಲು ಜರುಗಿ ಗಾಡಿ ಪಕ್ಕೆ ತೋರಿಸಿಕೊಂಡು ಓಡುತ್ತದೆ. ಹೊಸ ಪಟ್ಟಾ ಇದಾವುದನ್ನೂ ಸರಿಮಾಡುವುದಿಲ್ಲ.

ಹಿಂಬದಿಯನ್ನು ಮಾತ್ರ ಬಿಗಿ ಮಾಡಿದಾಗ ರಸ್ತೆಯ ಮೇಲೆ ಎರಡು ತೊಂದರೆ ಹುಟ್ಟುತ್ತವೆ. ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಕೆಲಸ ಮುಂದಿನ, ಹಿಂದಿನ ಸ್ಪ್ರಿಂಗುಗಳ ನಡುವೆ ಹಂಚಿಹೋಗುತ್ತದೆ. ಹಿಂಬದಿ ಹೆಚ್ಚು ಬಿಗಿಯಾದರೆ ಆ ಕೆಲಸದ ಹೆಚ್ಚು ಪಾಲು ಹಿಂದಿನ ಟೈರುಗಳಿಗೆ ಬೀಳುತ್ತದೆ. ಮೊದಲೇ ಹಗುರಾದ ಖಾಲಿ ಹಿಂಬದಿ, ಮೊದಲ ಮಳೆಯ ಜಾರು, ಹೊರಗಿನ ಟೈರಿನ ಮೇಲೆ ವಿಪರೀತ ಭಾರ: ಬಾಲ ಹೊರಕ್ಕೆ ಜಾರಲು ಇಷ್ಟು ಸಾಕು. ಬೆಂಗಳೂರು–ಹೊನ್ನಾವರ (ಬಿ.ಎಚ್.) ರಸ್ತೆಯಲ್ಲಿ ಮಳೆಗಾಲದಲ್ಲಿ ಖಾಲಿ ಪಿಕಪ್ ಓಡಿಸುವವರು ಇದನ್ನು ಮೈಯಲ್ಲಿ ಬಲ್ಲರು.

ಇನ್ನೊಂದು ಬ್ರೇಕಿನದು. ಇದನ್ನು ಬಲ್ಲವರು ಕಡಿಮೆಯಾದ್ದರಿಂದ ಒತ್ತಿ ಹೇಳುತ್ತೇನೆ. ಅನೇಕ ಪಿಕಪ್‌ಗಳಲ್ಲಿ ಚಾಸಿಯ ಮೇಲೆ ಒಂದು ವಾಲ್ವು, ಅದರಿಂದ ಆಕ್ಸಲಿಗೆ ಒಂದು ಸಣ್ಣ ಕಡ್ಡಿ ಅಥವಾ ಸ್ಪ್ರಿಂಗು ಇರುತ್ತದೆ. ಹೊರೆ ಹೆಚ್ಚಿ ಚಾಸಿ ತಗ್ಗಿದಂತೆ ಆ ವಾಲ್ವು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ, ಖಾಲಿಯಾಗಿ ಎದ್ದರೆ ಕಡಿಮೆ ಮಾಡುತ್ತದೆ. ಅದಕ್ಕೆ ಗೊತ್ತಾಗುವುದು ತೂಕವಲ್ಲ, ಎತ್ತರ. ಪಟ್ಟಾ ಸೇರಿಸಿ ಗಾಡಿಯನ್ನು ಎತ್ತರಿಸಿದರೆ ಎರಡು ಟನ್ನು ಹೊತ್ತಾಗಲೂ ಗಾಡಿ ಅರೆಖಾಲಿ ಎಂದೇ ಅದು ತಿಳಿಯುತ್ತದೆ. ಹಿಂದಿನ ಬ್ರೇಕು ಅರ್ಧ ಮಾತ್ರ ಹಿಡಿಯುತ್ತದೆ, ಮುಂದಿನ ಬ್ರೇಕು ಕಾದು ಸೋಲುತ್ತದೆ. ಪಟ್ಟಾ ಕೆಲಸ ಮಾಡಿಸಿದ ದಿನವೇ ಆ ಕಡ್ಡಿಯನ್ನು ಕಂಪನಿಯ ಅಳತೆಗೆ ಮರುಹೊಂದಿಸಬೇಕು. ಹೆಲ್ಪರ್ ಹಾಕಿದವರಿಗೂ ಈ ಮಾತು ಅನ್ವಯಿಸುತ್ತದೆ. ಜೊತೆಗೇ ಹೆಡ್‌ಲೈಟಿನ ದಿಕ್ಕನ್ನೂ ನೋಡಿಸಬೇಕು.

ಕಾನೂನು ಏನು ಹೇಳುತ್ತದೆ? ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವ ಮಾರ್ಪಾಡನ್ನು ತಡೆಯುತ್ತದೆ. ಕೇರಳದಿಂದ ಬಂದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿ ದಂಡ ಅಥವಾ ಎರಡನ್ನೂ ಇಟ್ಟಿತು. ಮಿತಿಮೀರಿದ ಹೊರೆಗೆ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ, ಹೆಚ್ಚುವರಿ ಟನ್ನಿಗೆ ತಲಾ 2,000. ಗಾಡಿಯ ಆಚೆ ಚಾಚಿಕೊಂಡ ಹೊರೆಗೂ 20,000. ಮಟ್ಟೆ, ನಾರು ಸಾಗಿಸುವವರು ಇದನ್ನು ನೆನಪಿಡಬೇಕು. ಕಂಪನಿ ಹೇಳಿದ ಅಳತೆಯ ಪಟ್ಟಾ, ಬುಷ್, ಶಾಕ್ ಬದಲಿಸುವುದು ದುರಸ್ತಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಹೆಚ್ಚುವರಿ ಪಟ್ಟಾ, ಗಾಳಿ ಚೀಲಗಳ ವಿಷಯದಲ್ಲಿ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದೇ ಕ್ಷೇಮ. ಒಂದಂತೂ ನಿಶ್ಚಯ: ಪಟ್ಟಾ ಎಷ್ಟೇ ಹಾಕಿಸಿದರೂ ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ಒಂದು ಕಿಲೋ ಕೂಡ ಏರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಪರೀಕ್ಷೆಗೊಳಪಟ್ಟ ಸಸ್ಪೆನ್ಷನ್ ಕಿಟ್ ಹಾಕಿಸಿ, ಎಂಜಿನಿಯರನ ಪ್ರಮಾಣಪತ್ರದೊಂದಿಗೆ ಗಾಡಿಯ ಒಟ್ಟು ತೂಕವನ್ನು ಅಧಿಕೃತವಾಗಿ ಏರಿಸಿಕೊಳ್ಳುವ ಪದ್ಧತಿಯಿದೆ. ಅಲ್ಲಿ ಸ್ಪ್ರಿಂಗಿನ ಜೊತೆ ಬ್ರೇಕು, ಆಕ್ಸಲು, ಟೈರುಗಳೂ ಲೆಕ್ಕಕ್ಕೆ ಬರುತ್ತವೆ. ಪಟ್ಟಾ ಗಟ್ಟಿಯಾದ ಮಾತ್ರಕ್ಕೆ ಬೇರಿಂಗು ಗಟ್ಟಿಯಾಗುವುದಿಲ್ಲವಲ್ಲ.

ಹಣ ಖರ್ಚಿಲ್ಲದೆ ಆಗುವ ದೊಡ್ಡ ಸುಧಾರಣೆ ಹೊರೆ ಏರಿಸುವುದರಲ್ಲಿದೆ. ಮೂರು ಮೀಟರ್ ವೀಲ್‌ಬೇಸಿನ ಗಾಡಿಯಲ್ಲಿ ಹಿಂದಿನ ಆಕ್ಸಲಿನಿಂದ ಒಂದು ಮೀಟರ್ ಆಚೆಗೆ 300 ಕಿಲೋ ಪೇರಿಸಿದರೆ ಹಿಂದಿನ ಆಕ್ಸಲಿಗೆ 400 ಕಿಲೋ ಬೀಳುತ್ತದೆ, ಮುಂದಿನ ಆಕ್ಸಲಿನಿಂದ 100 ಕಿಲೋ ಮೇಲೆದ್ದು ಹೋಗುತ್ತದೆ. ‘ಹೊರೆ ಹಾಕಿದರೆ ಸ್ಟೇರಿಂಗ್ ಹಗುರಾಗುತ್ತೆ’ ಎಂಬುದಕ್ಕೆ ಕಾರಣ ಇದೇ, ಹಿಂದೆ ಪಟ್ಟಾ ಹಾಕಿಸಿದರೆ ಅದು ಹೋಗುವುದಿಲ್ಲ. ಎಳನೀರನ್ನು ಬಾಗಿಲ ಕಡೆಯಿಂದ ಎಸೆಯುವಾಗ ರಾಶಿ ಹಿಂದೆಯೇ ಎತ್ತರವಾಗುತ್ತದೆ. ಒಬ್ಬ ಆಳು ಒಳಗೆ ನಿಂತು ಕ್ಯಾಬಿನ್ ಕಡೆಗೆ ಜೋಡಿಸಿದರೆ ಅದು ತಪ್ಪುತ್ತದೆ. ಕೊಬ್ಬರಿ ಚೀಲದಲ್ಲಿ ಇದು ಇನ್ನೂ ಸುಲಭ.

ಅಳತೆಯೂ ಕಷ್ಟವಿಲ್ಲ. ವೇ ಬ್ರಿಜ್ಜಿನ ಮೇಲೆ ಇಡೀ ಗಾಡಿ ನಿಲ್ಲಿಸಿ ಒಂದು ತೂಕ, ಹಿಂದಿನ ಚಕ್ರಗಳನ್ನು ಮಾತ್ರ ನಿಲ್ಲಿಸಿ ಇನ್ನೊಂದು ತೂಕ ತೆಗೆಸಬೇಕು. ಖಾಲಿಯಲ್ಲಿ, ತುಂಬಿದಾಗ, ಎರಡೂ ಸಲ. ಅದೇ ಹೊತ್ತಿಗೆ ಹಿಂದಿನ ಚಕ್ರದ ನಡುವಿನಿಂದ ಬಾಡಿಯ ಅಂಚಿನವರೆಗೆ ಟೇಪು ಹಿಡಿದು ಎರಡೂ ಬದಿ ಬರೆದಿಟ್ಟುಕೊಳ್ಳಬೇಕು. ಎಡ ಬಲಕ್ಕೆ ವ್ಯತ್ಯಾಸವಿದ್ದರೆ ಒಂದು ಬದಿಯ ಪಟ್ಟಾ ಕೂತಿದೆ ಎಂದರ್ಥ. ಹಿಂದಿನ ಆಕ್ಸಲಿನ ತೂಕ ಕಂಪನಿಯ ಮಿತಿಯೊಳಗಿದ್ದೂ ಗಾಡಿ ಬಂಪ್ ಸ್ಟಾಪಿಗೆ ಬಡಿಯುತ್ತಿದ್ದರೆ ಹಳೆಯ ಸೆಟ್ಟನ್ನು ಮೂಲ ಅಳತೆಯದಕ್ಕೆ ಬದಲಿಸುವುದು ಮೊದಲ ಹೆಜ್ಜೆ. ತೂಕವೇ ಮಿತಿ ಮೀರಿದ್ದರೆ ಪಟ್ಟಾ ಅಂಗಡಿಗೆ ಹೋಗಬೇಕಿಲ್ಲ, ಒಂದು ಟ್ರಿಪ್ಪನ್ನು ಎರಡು ಮಾಡಬೇಕು, ಇಲ್ಲವೇ ಎರಡು ಟನ್ನಿನ ಗಾಡಿ ಕೊಳ್ಳಬೇಕು. ಈ ಲೆಕ್ಕ ಬಾಡಿಗೆಯವನಿಗೆ ಕಹಿ ಎಂದು ಗೊತ್ತು. ಡೀಸೆಲ್ಲಿನ ಬೆಲೆ ನೋಡಿ ಒಂದೇ ಟ್ರಿಪ್ಪಿಗೆ ಒತ್ತಾಯಿಸುವುದು ಬಹುಪಾಲು ಮಾಲಿನವನೇ. ಹಾಗಾಗಿ ಕಾಯಿಯನ್ನು ಸಾವಿರದ ಲೆಕ್ಕದಲ್ಲಿ ಕೊಟ್ಟರೂ ಬಾಡಿಗೆಯನ್ನು ಟನ್ನಿನ ಲೆಕ್ಕದಲ್ಲಿ ಮಾತಾಡುವ ರೂಢಿ ಬರಬೇಕು.

ಏನೇ ಕೆಲಸ ಮಾಡಿಸಿದರೂ ಯು ಬೋಲ್ಟ್ ಹೊಸದೇ ಇರಲಿ. ಒಮ್ಮೆ ಎಳೆದು ಬಿಗಿದ ಯು ಬೋಲ್ಟ್ ಹಿಗ್ಗಿರುತ್ತದೆ, ಎರಡನೆಯ ಸಲ ಅದೇ ಬಿಗಿ ಹಿಡಿಯುವುದಿಲ್ಲ. ಹೊಸ ಪಟ್ಟಾಗಳ ಬಣ್ಣ ಸವೆದು ಅವು ಒಂದಕ್ಕೊಂದು ಕೂರುವ ಹೊತ್ತಿಗೆ ನಟ್ಟುಗಳು ಸಡಿಲಾಗಿರುತ್ತವೆ. 500 ಕಿಲೋಮೀಟರ್ ಓಡಿದ ಮೇಲೆ, ಅಂದರೆ ತಿಪಟೂರಿನಿಂದ ಬೆಂಗಳೂರಿಗೆ ಎರಡು ಸಲ ಹೋಗಿ ಬರುವಷ್ಟರಲ್ಲಿ, ಗಾಡಿಯನ್ನು ಅದೇ ಅಂಗಡಿಗೆ ಒಯ್ದು ಹೊರೆ ಇರುವಾಗಲೇ ನಾಲ್ಕೂ ಯು ಬೋಲ್ಟ್‌ಗಳ ಎಂಟೂ ನಟ್ಟುಗಳನ್ನು ಟಾರ್ಕ್ ಸ್ಪ್ಯಾನರಿನಿಂದ ಮತ್ತೊಮ್ಮೆ ಬಿಗಿಸಬೇಕು. ಅಂಗಡಿಯಲ್ಲಿ ಟಾರ್ಕ್ ಸ್ಪ್ಯಾನರ್ ಇದೆಯೇ ಎಂಬುದನ್ನು ಪಟ್ಟಾ ಬಿಚ್ಚಿಸುವುದಕ್ಕೆ ಮೊದಲೇ ಕೇಳಿಕೊಳ್ಳಬೇಕು.